ದೊಡ್ಡ ಪರದೆಯ ಭವಿಷ್ಯ: ಒಂದು ವಿಮರ್ಶೆ

೧

ಕಾವ್ಯ ಕಥೆಗಳ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಯಂತ್ರದ ಪ್ರಸ್ತಾಪವೇಕೆ ಎಂದು ವಾಚಕಮಹಾಶಯರಲ್ಲಿ ಕೆಲವರು ಕೇಳಬಹುದು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಯಂತ್ರವನ್ನಲ್ಲ, ಯಂತ್ರವನ್ನು ಕುರಿತು ಬರೆಯುವ ಒಂದು ಬಗೆಯ ಗದ್ಯವನ್ನು. ಮೇಜಿನ ಮೇಲಿಡುವ ಗಣಕದ ಪರದೆ ಮುಂದೆ ಎಷ್ಟು ದೊಡ್ಡದಾದೀತು, ಎಷ್ಟು ತೆಳ್ಳಗಾದೀತು, ಯಂತ್ರದ ಸಮಸ್ತ ಅಂಗಗಳೂ ಪರದೆಯ ಬೆನ್ನೊಳಗೆ ಹೇಗೆ ಅಡಗೀತು ಎಂದು ಊಹಿಸಿ ಬರೆದ ಲೇಖನಗಳು ಈಚಿನ ಇಪ್ಪತ್ತೈದು ವರ್ಷಗಳಲ್ಲಿ ವಿಪುಲವಾಗಿ ಹುಟ್ಟಿವೆ. ಮೊದಲು ಇಂಗ್ಲಿಷಿನಲ್ಲಿ ಹುಟ್ಟಿದ ಇವು ಕನ್ನಡದ ಅಂಕಣಗಳಿಗೂ ಇಳಿದುಬಂದಿವೆ. ನಮ್ಮ ಮನೆಗಳ ಕಿರಿಯರು ಇವನ್ನು ಕಾದಂಬರಿಗಿಂತ ಹೆಚ್ಚಿನ ಆಸಕ್ತಿಯಿಂದ ಓದುತ್ತಾರೆ. ಹಿರಿಯರು ಇವನ್ನು ನಂಬಿ ಹಣ ವೆಚ್ಚಮಾಡುತ್ತಾರೆ; ಇಲ್ಲವೆ ಇವನ್ನು ನಂಬಿಯೇ, ಬೇಕಾದುದನ್ನು ಕೊಳ್ಳದೆ ವರ್ಷಗಟ್ಟಲೆ ಕಾಯುತ್ತಾರೆ. ಓದಿದವನ ನಡತೆಯನ್ನು ಇಷ್ಟರಮಟ್ಟಿಗೆ ಬದಲಿಸುವ ಬರಹವು ಯಾವ ವಿಷಯದ್ದಾದರೂ ವಿಮರ್ಶೆಗೆ ಅರ್ಹವೆಂದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ಮಾತು. ಗಣಕದ ಮಿದುಳು, ನೆನಪು, ಧ್ವನಿ, ಪರದೆ ಇವೆಲ್ಲವೂ ಒಂದೇ ಒಡಲಿನಲ್ಲಿ ಸೇರಿರುವ ಯಂತ್ರವನ್ನು ಅಂಗಡಿಯವರು ಆಲ್-ಇನ್-ಒನ್ ಎಂದು ಕರೆಯುತ್ತಾರೆ. ಕೂಡುಕುಟುಂಬದ ಹೋಲಿಕೆಯಿಂದ ನಾವು ಇದನ್ನು ಕೂಡುಗಣಕವೆನ್ನೋಣ. ಪರದೆ ಬೇರೆ, ಪೆಟ್ಟಿಗೆ ಬೇರೆ ಇರುವುದನ್ನು ಬಿಡಿಗಣಕವೆನ್ನೋಣ. ಈ ಹೋಲಿಕೆ ವಿನೋದಕ್ಕಾಗಿ ಮಾತ್ರ ಮಾಡಿದುದಲ್ಲವೆಂಬುದು ಮುಂದೆ ತಿಳಿಯುವುದು.

೨

ಭವಿಷ್ಯವನ್ನು ಊಹಿಸುವುದೇ ತಪ್ಪೆಂದು ನಾವು ಹೇಳುವವರಲ್ಲ. ಮಲೆನಾಡಿನ ತೋಟಗಾರನು ದಿನವೂ ಅನುಮಾನದಿಂದಲೇ ಬಾಳುತ್ತಾನೆ. ಇಲ್ಲಿ ಅನುಮಾನವೆಂದರೆ ಸಂದೇಹವಲ್ಲ. ಕಂಡುದರಿಂದ ಕಾಣದುದನ್ನು ತಿಳಿಯುವ ಪ್ರಮಾಣ. ಗೌತಮನ ನ್ಯಾಯಸೂತ್ರವು ಇದನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರಾಗಿ ವಿಭಾಗಿಸಿದೆ. ಕಾರಣವನ್ನು ಕಂಡು ಕಾರ್ಯವನ್ನು ಹೇಳುವುದು ಪೂರ್ವವತ್: ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಅರೇಬಿಕಾ ಗಿಡ ಹೂಬಿಡುವುದೆಂದು ಮೂಡಿಗೆರೆಯ ತೋಟದವರು ಹೇಳುವಂತೆ. ಕಾರ್ಯವನ್ನು ಕಂಡು ಕಾರಣವನ್ನು ಹೇಳುವುದು ಶೇಷವತ್: ಕಳಸದ ಬಳಿ ಭದ್ರೆ ಕೆಂಪಾಗಿ ಉಕ್ಕಿದರೆ ಕುದುರೆಮುಖದ ಕಡೆ ಮಳೆ ಹೊಯ್ದಿತೆಂದು ತಿಳಿಯುವಂತೆ. ಕಂಡ ಕಡೆಯ ನಿಯಮವನ್ನು ಕಾಣದ ಕಡೆಗೂ ಹಚ್ಚುವುದು ಸಾಮಾನ್ಯತೋದೃಷ್ಟ: ಒಂದೆಡೆ ಕಂಡ ಮನುಷ್ಯನು ಇನ್ನೊಂದೆಡೆ ಕಂಡರೆ ಅವನು ನಡೆದೇ ಬಂದಿರಬೇಕಷ್ಟೆ, ಹಾಗೆಯೇ ಬೆಳಗ್ಗೆ ಮೂಡಲಲ್ಲಿಯೂ ಸಂಜೆ ಪಡುವಲಲ್ಲಿಯೂ ಕಾಣುವ ಸೂರ್ಯನಿಗೆ ನಡೆಯುಂಟೆಂದು ಹೇಳುವಂತೆ. ಈ ಕಡೆಯ ಬಗೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಆ ದೃಷ್ಟಾಂತವೇ ಸಾಕ್ಷಿ. ಅಲ್ಲಿ ತಿರುಗುವುದು ಭೂಮಿಯೆಂದು ಈಗ ಪ್ರಾಥಮಿಕ ಶಾಲೆಯ ಹುಡುಗನೂ ಬಲ್ಲ.

ಶಾಸ್ತ್ರಕಾರರು ಆಕ್ಷೇಪವನ್ನು ಮುಚ್ಚಿಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಹೊಳೆ ಉಕ್ಕಿತೆಂದ ಮಾತ್ರಕ್ಕೆ ಮೇಲೆ ಮಳೆಯಾಯಿತೆಂದೇಕೆ ಹೇಳಬೇಕು? ಎಲ್ಲೋ ಅಡ್ಡಗಟ್ಟೆ ಹಾಕಿದ್ದರೂ ನೀರು ಏರಬಹುದಲ್ಲವೆ? ನವಿಲಿನ ಕೂಗು ಕೇಳಿಸಿದರೆ ನವಿಲೇ ಕೂಗಿತೆಂದೇನು? ಮನುಷ್ಯನೂ ಹಾಗೆ ಕೂಗಬಹುದಲ್ಲವೆ? ಇದಕ್ಕೆ ಭಾಷ್ಯಕಾರನು ಹೇಳುವ ಸಮಾಧಾನ ಸೊಗಸಾಗಿದೆ. ಕಟ್ಟೆಯಿಂದ ಏರಿದ ನೀರು ಬೇರೆ, ಮಳೆಯಿಂದ ಉಕ್ಕಿದ ನೀರು ಬೇರೆ. ಸೆಳವು, ನೊರೆ, ತೇಲಿಬರುವ ಎಲೆ ಕಾಯಿ ಕಟ್ಟಿಗೆ ಇವುಗಳಲ್ಲಿ ಭೇದವು ಕಾಣುತ್ತದೆ. ಆ ಭೇದವನ್ನು ಕಂಡು ಹೇಳಿದುದು ಪ್ರಮಾಣ. ಕಾಣದೆ ಹೇಳಿದುದು ಬರಿಯ ಮಾತು.

ಈ ಒರೆಗಲ್ಲಿಗೆ ನಮ್ಮ ಭವಿಷ್ಯಲೇಖಕರ ಬರಹವನ್ನು ತಿಕ್ಕಿ ನೋಡೋಣ.

೩

ಇವರಿಗೆ ಅತ್ಯಂತ ಪ್ರಿಯವಾದುದು ಸಾಮಾನ್ಯತೋದೃಷ್ಟ. ಆಪಲ್ ಸಂಸ್ಥೆಯ ಐಮ್ಯಾಕ್ ಎಂಬ ಕೂಡುಗಣಕದ ಚರಿತ್ರೆಯನ್ನು ನೋಡಬಹುದು. ೧೯೯೮ರಲ್ಲಿ ಅದು ಹೊರಬಂದಾಗ ಪರದೆಯು ೧೫ ಅಂಗುಲದ ಗಾಜಿನ ಕೊಳವೆ. ೨೦೦೨ರಲ್ಲಿ ಚಪ್ಪಟೆ ಪರದೆ ಬಂದಿತು, ಆ ಮೇಲೆ ೧೭ ಅಂಗುಲ, ೨೦ ಅಂಗುಲ, ೨೦೦೬ರಲ್ಲಿ ೨೪, ೨೦೦೯ರಲ್ಲಿ ೨೭. ೨೦೧೪ರಲ್ಲಿ ಆ ೨೭ ಅಂಗುಲದೊಳಗೇ ಅಡ್ಡಲಾಗಿ ೫೧೨೦, ಉದ್ದಕ್ಕೆ ೨೮೮೦ ಬೆಳಕಿನ ಚುಕ್ಕೆಗಳನ್ನು, ಎಂದರೆ ಒಟ್ಟು ಒಂದು ಕೋಟಿ ನಲವತ್ತೇಳು ಲಕ್ಷಕ್ಕೂ ಹೆಚ್ಚು ಚುಕ್ಕೆಗಳನ್ನು, ತುಂಬಿದರು. ಹನ್ನೊಂದು ವರ್ಷಗಳಲ್ಲಿ ೧೫ರಿಂದ ೨೭ಕ್ಕೆ ಬೆಳೆದ ವಸ್ತುವು ಮುಂದೆ ೩೦ ಆಗದೆ, ೩೨ ಆಗದೆ ಇದ್ದೀತೆ? ಹೀಗೆ ಬರೆದವರು ಒಬ್ಬಿಬ್ಬರಲ್ಲ. ಆದರೆ ೨೦೨೧ರಲ್ಲಿ ಹೊಸ ರೂಪದಲ್ಲಿ ಬಂದುದು ೨೪ ಅಂಗುಲದ ಯಂತ್ರ. ೨೦೨೨ರ ಮಾರ್ಚಿನಲ್ಲಿ ೨೭ ಅಂಗುಲದ ಕೂಡುಗಣಕದ ಮಾರಾಟವೇ ನಿಂತುಹೋಯಿತು. ಅದೇ ತಿಂಗಳು ಅದೇ ಸಂಸ್ಥೆಯು ೨೭ ಅಂಗುಲದ ಪರದೆಯನ್ನು ಬೇರೆಯಾಗಿಯೂ ಅದಕ್ಕೆ ಜೋಡಿಸತಕ್ಕ ಗಣಕವನ್ನು ಬೇರೆಯಾಗಿಯೂ ಮಾರಲು ತೊಡಗಿತು. ೨೦೨೩ರ ನವೆಂಬರಿನಲ್ಲಿ, ಹೊಸ ಮಿದುಳಿನ ೨೭ ಅಂಗುಲದ ಐಮ್ಯಾಕನ್ನು ಮಾಡುವ ಉದ್ದೇಶವಿಲ್ಲವೆಂದು ಪತ್ರಿಕೆಯವರಿಗೆ ತಿಳಿಸಿತು. ಬೆಳೆಯುತ್ತಲೇ ಹೋಗುವುದೆಂದು ಹೇಳಿದ ಮರ ಕವಲೊಡೆಯಿತು. ಹೇತುವು ಒಮ್ಮೆ ಸಾಧ್ಯದೊಡನೆ ಇದ್ದು ಇನ್ನೊಮ್ಮೆ ಅದನ್ನು ಬಿಟ್ಟು ಹೋದರೆ ನೈಯಾಯಿಕರು ಸವ್ಯಭಿಚಾರವೆನ್ನುತ್ತಾರೆ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠಶಾಲೆಯ ಪಂಡಿತರೂ ಕೊಡಲಾರರು.

ಎರಡನೆಯದು ಶೇಷವತ್ತಿನ ಆಭಾಸ. ತಂತ್ರಾಂಶದ ಯಾವುದೋ ಸಾಲಿನಲ್ಲಿ ಅಪರಿಚಿತವಾದ ಸಂಖ್ಯೆಯೊಂದು ಕಂಡಿತಂತೆ. ಯಾವುದೋ ಕಾರ್ಖಾನೆಯಲ್ಲಿ ಹಿರಿಯ ಅಳತೆಯ ಗಾಜು ಕತ್ತರಿಸುತ್ತಿದ್ದಾರಂತೆ. ಆದುದರಿಂದ ದೊಡ್ಡ ಯಂತ್ರ ಬಂದೇ ಬರುವುದಂತೆ. ಇದು ಹೊಳೆ ಉಕ್ಕಿದ್ದನ್ನು ಕಂಡು ಮಳೆಯನ್ನು ಹೇಳಿದ ಹಾಗೆ. ಆದರೆ ಕಾರ್ಖಾನೆಯವರು ಪರೀಕ್ಷೆಗಾಗಿ ಹತ್ತು ಮಾಡಿ ಒಂಬತ್ತನ್ನು ಬಿಸಾಡುವರು. ಇದು ಮಳೆಯ ನೀರೋ ಕಟ್ಟೆಯ ನೀರೋ ಎಂದು ನೊರೆ ಕಸಕಡ್ಡಿಗಳನ್ನು ನೋಡಿ ಹೇಳತಕ್ಕವರು ಯಾರು? ‘ಅಂತೆ’ ಎಂಬ ಎರಡಕ್ಷರದ ಮೇಲೆ ಕಟ್ಟಿದ ಪ್ರಬಂಧಗಳನ್ನು ಶಬ್ದಪ್ರಮಾಣವೆನ್ನಲೂ ಬಾರದು. ಆಪ್ತನಾದವನ ಮಾತು ಶಬ್ದ. ಇಲ್ಲಿ ಹೇಳಿದವನ ಹೆಸರೇ ಇರುವುದಿಲ್ಲ.

ಮೂರನೆಯದಾದ ಪೂರ್ವವತ್ ಇವುಗಳಲ್ಲಿ ಹೆಚ್ಚು ಗೌರವಕ್ಕೆ ಪಾತ್ರವಾದುದು. ಕಾರಣವು ಕಣ್ಣೆದುರಿಗೇ ಇರುತ್ತದೆ. ಡೆಲ್ ಸಂಸ್ಥೆಯು ೨೦೧೭ರಲ್ಲಿಯೇ ೩೨ ಅಂಗುಲದ ಪರದೆಯೊಳಗೆ ೭೬೮೦ಕ್ಕೆ ೪೩೨೦ ಚುಕ್ಕೆಗಳನ್ನು ತುಂಬಿ ಮಾರಾಟಕ್ಕಿಟ್ಟಿತು. ಆದಕಾರಣ ಕೆಲವೇ ವರ್ಷಗಳಲ್ಲಿ ಎಲ್ಲ ಮನೆಗಳಲ್ಲಿಯೂ ಅಂಥ ಪರದೆಯೇ ಇರುವುದೆಂದು ಹೇಳುವುದು ಸಹಜವಾಗಿ ಕಂಡಿತು. ಹಾಗೆ ಆಗಲಿಲ್ಲ. ಹೂಮಳೆ ಬಿದ್ದಿತು, ಹೂವೂ ಅರಳಿತು. ಆದರೆ ಹಿಂದೆಯೇ ಬರಬೇಕಾದ ಎರಡನೆಯ ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲವೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಎರಡನೆಯ ಮಳೆ ಯಾವುದೆಂದರೆ ಜನರ ನಿಜವಾದ ಅಗತ್ಯ. ೨೦೧೦ರ ಸುಮಾರಿಗೆ ಕನ್ನಡಕ ಹಾಕಿಕೊಂಡು ನೋಡುವ ಮೂರು ಆಯಾಮದ ದೂರದರ್ಶನದ ಪೆಟ್ಟಿಗೆಗಳು ಬಂದವು. ಮುಂದೆ ಎಲ್ಲ ಪರದೆಗಳೂ ಹಾಗೆಯೇ ಆಗುವುವೆಂದರು. ೨೦೧೭ರ ಹೊತ್ತಿಗೆ ದೊಡ್ಡ ಸಂಸ್ಥೆಗಳೆಲ್ಲ ಅವುಗಳ ತಯಾರಿಕೆಯನ್ನು ಕೈಬಿಟ್ಟವು. ಮಾಡಬಲ್ಲೆವೆಂಬುದು ಒಂದು ಕಾರಣ, ಬೇಕೆಂಬುದು ಇನ್ನೊಂದು. ಒಂದೇ ಕಾರಣದಿಂದ ಕಾರ್ಯವಾಗುವುದಿಲ್ಲ.

ಇಷ್ಟರಿಂದ ಈ ಸಾಹಿತ್ಯದ ಮುಖ್ಯ ದೋಷವು ಬಯಲಾಗುವುದು. ಇದರಲ್ಲಿ ಅಳತೆಯುಂಟು, ಅಳೆಯುವ ಕಣ್ಣಿಲ್ಲ. ಪರದೆಯನ್ನು ತಯಾರಿಸುವವನುಂಟು, ಪರದೆಯನ್ನು ಓದುವವನಿಲ್ಲ. ಆ ಓದುವವನು ಕನ್ನಡದವನಾದರೆ ಪ್ರಶ್ನೆಯೇ ಬೇರೆಯಾಗುವುದೆಂದು ತೋರಿಸುವುದು ಈ ಲೇಖನದ ಮುಖ್ಯೋದ್ದೇಶ.

೪

ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ಸಿಪಾಯಿಗಳಂತೆ ನಿಲ್ಲುತ್ತವೆ. ನಮ್ಮವು ಮಹಡಿಯ ಮನೆಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿರಿ. ಮೇಲೆ ಗುಡಿಸು, ನಡುವೆ ಸಕಾರದ ಒಡಲು, ಅಡಿಯಲ್ಲಿ ತಕಾರದ ಒತ್ತು, ಅದಕ್ಕೆ ಅಂಟಿದಂತೆ ರಕಾರದ ಒತ್ತು, ಮಗ್ಗುಲಲ್ಲಿ ದೀರ್ಘ. ‘ರಾಷ್ಟ್ರ’, ‘ಜ್ಯೋತ್ಸ್ನೆ’, ‘ಶಾಸ್ತ್ರ’ ಈ ಶಬ್ದಗಳನ್ನು ಬಿಟ್ಟು ಒಂದು ಪುಟವನ್ನು ಬರೆಯುವುದು ನಮ್ಮಂಥವರಿಗೆ ಸಾಧ್ಯವಿಲ್ಲ.

ಈಗ ಲೆಕ್ಕವನ್ನು ನೋಡೋಣ. ಅಚ್ಚಿನ ಅಳತೆಯಲ್ಲಿ ಹನ್ನೆರಡು ಪಾಯಿಂಟಿನ ಅಕ್ಷರವೆಂದರೆ ಅಂಗುಲದ ಆರನೆಯ ಒಂದು ಪಾಲು ಎತ್ತರದ ಮನೆ. ಬಹುಕಾಲದಿಂದ ಬಳಕೆಯಲ್ಲಿರುವ ೨೪ ಅಂಗುಲದ, ೧೯೨೦ಕ್ಕೆ ೧೦೮೦ ಚುಕ್ಕೆಯ ಪರದೆಯಲ್ಲಿ ಅಂಗುಲವೊಂದಕ್ಕೆ ೯೨ ಚುಕ್ಕೆಗಳಿರುತ್ತವೆ. ಆದುದರಿಂದ ಆ ಮನೆಯ ಎತ್ತರ ೧೫ ಚುಕ್ಕೆ ಮಾತ್ರ. ಈ ೧೫ ಚುಕ್ಕೆಯೊಳಗೆ ಗುಡಿಸು, ಒಡಲು, ಎರಡು ಒತ್ತು ಇವು ನಾಲ್ಕೂ ವಾಸಮಾಡಬೇಕು. ತಕಾರದ ಒತ್ತಿಗೂ ನಕಾರದ ಒತ್ತಿಗೂ ಇರುವ ಭೇದವನ್ನು ನಾಲ್ಕು ಚುಕ್ಕೆಗಳಲ್ಲಿ ತೋರಿಸುವುದು ಯಾವ ಅಕ್ಷರಶಿಲ್ಪಿಗೂ ಕಷ್ಟ. ಇನ್ನು ‘ದೊಡ್ಡ ಪರದೆ’ ಎಂಬ ಮಾತಿಗೆ ಮರುಳಾಗಿ ಅಷ್ಟೇ ಚುಕ್ಕೆಗಳುಳ್ಳ ೩೨ ಅಂಗುಲದ ಪರದೆಯನ್ನು ತಂದರೆ ಅಂಗುಲಕ್ಕೆ ೬೯ ಚುಕ್ಕೆ, ಅಕ್ಷರಕ್ಕೆ ಹನ್ನೊಂದೇ. ಪರದೆ ಶ್ರೀಮಂತವಾಯಿತು, ಅಕ್ಷರ ದರಿದ್ರವಾಯಿತು. ಅಕ್ಷರವನ್ನು ಹಿಗ್ಗಿಸಿದರಾಯಿತಲ್ಲ ಎಂದರೆ, ಹಿಗ್ಗಿಸಿದಷ್ಟೂ ಪುಟದಲ್ಲಿ ಹಿಡಿಯುವ ಸಾಲುಗಳು ಕಡಮೆಯಾಗಿ, ದೊಡ್ಡದನ್ನು ಕೊಂಡ ಪ್ರಯೋಜನವೇ ಇಲ್ಲವಾಗುವುದು.

ಮೇಲೆ ಹೇಳಿದ ೫೧೨೦ ಚುಕ್ಕೆಯ ೨೭ ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ೨೧೮ ಚುಕ್ಕೆ. ಅದೇ ಅಕ್ಷರಕ್ಕೆ ೩೬ ಚುಕ್ಕೆಯ ಎತ್ತರ ದೊರೆಯುವುದು. ಅಲ್ಲಿ ಒತ್ತಕ್ಷರವು ಒಳ್ಳೆಯ ಮುದ್ರಣಾಲಯದ ಅಚ್ಚಿನಂತೆ ನಿಲ್ಲುವುದು. ಆದರೆ ಚುಕ್ಕೆಗಳನ್ನು ಹೆಚ್ಚಿಸುತ್ತ ಹೋಗುವುದಕ್ಕೂ ಒಂದು ಎಲ್ಲೆಯುಂಟು. ಆ ಎಲ್ಲೆ ಯಂತ್ರದಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಆರೋಗ್ಯವಾದ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಬಿಡಿಸಿ ನೋಡಬಲ್ಲುದು. ಎರಡಡಿ ದೂರದಲ್ಲಿ ಕುಳಿತರೆ ಅದು ಅಂಗುಲಕ್ಕೆ ಸುಮಾರು ೧೪೦ ಚುಕ್ಕೆಗಳಿಗೆ ಸಮನಾಗುವುದು. ಅದರಿಂದ ಮುಂದೆ ಹೆಚ್ಚಿಸಿದಂತೆಲ್ಲ ಲಾಭವು ಇಳಿಯುತ್ತ ಹೋಗುವುದು. ೩೮೪೦ಕ್ಕೆ ೨೧೬೦ ಚುಕ್ಕೆಗಳ ೨೭ ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ೧೬೩ ಚುಕ್ಕೆಗಳು ಬರುತ್ತವೆ. ಗೃಹಸ್ಥನ ಓದಿಗೆ ಇದು ಧಾರಾಳವಾಗಿ ಸಾಕು. ೩೨ ಅಂಗುಲದ ಪರದೆಯ ೨೮೦ ಚುಕ್ಕೆಗಳಲ್ಲಿ ಬಹುಪಾಲು, ಕಾಣದವನ ಮುಂದೆ ಹಚ್ಚಿದ ದೀಪ. ಎಂದ ಮೇಲೆ ಪರದೆಯ ಭವಿಷ್ಯವು ಅನಂತವೆಂಬ ಮಾತೂ ನಿಲ್ಲುವುದಿಲ್ಲ.

ಲಿಪಿಯ ಪ್ರಶ್ನೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬೆರಳಚ್ಚಿನ ಯಂತ್ರಗಳ ಕಾಲದಲ್ಲಿ, ಒತ್ತಕ್ಷರಗಳು ಯಂತ್ರಕ್ಕೆ ಒಗ್ಗುವುದಿಲ್ಲ, ಆದುದರಿಂದ ಅವನ್ನು ಪಕ್ಕಕ್ಕೆ ತಂದು ಸಾಲಿನಲ್ಲಿ ನಿಲ್ಲಿಸೋಣ ಎಂದು ಸಲಹೆ ಮಾಡಿದ ಸುಧಾರಕರಿದ್ದರು. ಲಿಪಿಯು ಯಂತ್ರಕ್ಕೆ ಬಾಗಬೇಕೆಂಬುದು ಅವರ ಮತ. ಪುಣ್ಯವಶದಿಂದ ಕಡೆಗೆ ಯಂತ್ರವೇ ಲಿಪಿಗೆ ಬಾಗಿತು. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಮನೆ ದೊರೆಯಿತು. ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರು ೧೯೯೮ರಲ್ಲಿ ಕೊಟ್ಟ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಸಾಮಾನ್ಯ ಜನರ ಕೈಗೆ ಕನ್ನಡವನ್ನು ತಂದವು. ನಮ್ಮ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭), ಗಣಕದಲ್ಲಿ ನೆಲೆ ಸಿಕ್ಕದ ಭಾಷೆಗೆ ಮುಂದೆ ಗತಿಯಿಲ್ಲವೆಂದು ಮನಗಂಡು, ಕನ್ನಡದ ತಂತ್ರಾಂಶಕ್ಕಾಗಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದೊಡನೆ ಶ್ರಮಿಸಿದುದು ನಮ್ಮ ಜಿಲ್ಲೆಯವರು ಮರೆಯಬಾರದ ಸಂಗತಿ. ಇವರಲ್ಲಿ ಯಾರೊಬ್ಬರೂ ಪರದೆ ಎಷ್ಟು ಅಂಗುಲವಾದೀತೆಂದು ಕೇಳುತ್ತ ಕೂರಲಿಲ್ಲ. ಪರದೆಯ ಮೇಲೆ ನಮ್ಮ ಅಕ್ಷರ ಮೂಡೀತೆ, ಮೂಡಿದುದು ಉಳಿದೀತೆ ಎಂದು ಕೇಳಿದರು.

ಉಳಿಯುವ ಪ್ರಶ್ನೆ ಸಾಮಾನ್ಯವಾದುದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದ ಅಚ್ಚುಗಳಲ್ಲಿ ರಾಶಿರಾಶಿ ಬರಹಗಳು ಕಡತವಾಗಿವೆ. ಆ ಅಚ್ಚುಗಳಿಲ್ಲದ ಇಂದಿನ ಯಂತ್ರದಲ್ಲಿ ಅವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲ. ಪರದೆಯನ್ನು ಎರಡರಷ್ಟು ಮಾಡಿದರೆ ಗೊಂದಲವೂ ಎರಡರಷ್ಟು ದೊಡ್ಡದಾಗಿ ಕಾಣುವುದು, ಅಷ್ಟೆ. ಸಂಘಸಂಸ್ಥೆಗಳೂ ಗ್ರಂಥಕರ್ತರೂ ಅಂಥ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದಕ್ಕೆ ಹೊಸ ಯಂತ್ರವನ್ನು ಕಾಯಬೇಕಾಗಿಲ್ಲ. ಇದ್ದ ಯಂತ್ರದಲ್ಲಿಯೇ ಈ ಕೆಲಸವು ಆಗುವುದು, ತಡವಾದಷ್ಟೂ ಕಷ್ಟವಾಗುವುದು.

೫

ಹಾಗಾದರೆ ದೊಡ್ಡ ಪರದ್ದು ಸುಳ್ಳು ವೈಭವವೋ ಎಂದರೆ, ಹಾಗೆ ಹೇಳುವುದು ಅನ್ಯಾಯ. ಅದರ ನಿಜವಾದ ಗುಣವನ್ನು ಭವಿಷ್ಯಲೇಖಕರು ಗುರುತಿಸಿಲ್ಲವೆಂಬುದೇ ನಮ್ಮ ಆಕ್ಷೇಪ.

೨೭ ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಅಳೆದ ಅಳತೆ. ಸಾಮಾನ್ಯವಾದ ಹದಿನಾರಕ್ಕೆ ಒಂಬತ್ತರ ಆಕಾರದಲ್ಲಿ ಅದರ ಅಗಲ ಇಪ್ಪತ್ತಮೂರೂವರೆ ಅಂಗುಲ, ಎತ್ತರ ಹದಿಮೂರು ಅಂಗುಲಕ್ಕೆ ತುಸು ಹೆಚ್ಚು. ಇದರಲ್ಲಿ ಕಚೇರಿಯ ಎ೪ ಅಳತೆಯ ಎರಡು ಹಾಳೆಗಳನ್ನು, ತೆರೆದ ಪುಸ್ತಕದಂತೆ, ಇದ್ದ ಗಾತ್ರದಲ್ಲಿಯೇ ಅಕ್ಕಪಕ್ಕದಲ್ಲಿ ಇಡಬಹುದು. ೨೪ ಅಂಗುಲದಲ್ಲಿ ಎತ್ತರವು ಹನ್ನೊಂದು ಮುಕ್ಕಾಲು ಅಂಗುಲ ಮಾತ್ರವಾದುದರಿಂದ, ತಂತ್ರಾಂಶದ ಪಟ್ಟಿಗಳು ತಿಂದುದು ಹೋಗಿ ಹಾಳೆಯ ಅಡಿಭಾಗ ಮರೆಯಾಗುವುದು. ಎಡಕ್ಕೆ ಮೂಲ, ಬಲಕ್ಕೆ ಪ್ರತಿ. ಎಡಕ್ಕೆ ಸಂಸ್ಕೃತ, ಬಲಕ್ಕೆ ಕನ್ನಡ ಟೀಕೆ. ಎಡಕ್ಕೆ ತೋಟದ ಮಳೆಯ ದಾಖಲೆ, ಬಲಕ್ಕೆ ಫಸಲಿನ ಲೆಕ್ಕ. ಹೀಗೆ ಎರಡನ್ನು ಒಮ್ಮೆಗೇ ನೋಡಿ ತೂಗುವುದೇ ವಿದ್ವತ್ತಿನ ಆರಂಭ. ಅಂಗೈಯಗಲದ ಫೋನಿನಲ್ಲಿ ಓದುವವನು ಒಂದನ್ನು ನೋಡುವಾಗ ಇನ್ನೊಂದನ್ನು ಮರೆಯುತ್ತಾನೆ. ನಮ್ಮ ಮಕ್ಕಳ ಓದು ಫೋನಿನೊಳಗೆ ಕುಗ್ಗುತ್ತಿರುವ ಈ ಕಾಲದಲ್ಲಿ ಮನೆಗೊಂದು ದೊಡ್ಡ ಪರದೆ ಇರುವುದು ಐಶ್ವರ್ಯಪ್ರದರ್ಶನವಲ್ಲ. ಹಿಂದೆ ಮನೆಗೊಂದು ವ್ಯಾಸಪೀಠವಿದ್ದ ಹಾಗೆ.

ಇನ್ನೊಂದು ಉಪಯೋಗವಂತೂ ವಿಸ್ಮಯಕರ. ಅಡ್ಡಕ್ಕೆ ಉದ್ದವಾಗಿರುವ ಪರದೆಯು ಪುಸ್ತಕದ ಪುಟಕ್ಕೆ ಹೊಂದುವುದಿಲ್ಲವೆಂದು ಪಾಶ್ಚಾತ್ಯರು ದೂರುವುದುಂಟು. ಆದರೆ ನಮ್ಮ ಪೂರ್ವಿಕರ ಪುಸ್ತಕ ಯಾವ ಆಕಾರದ್ದು? ಓಲೆಗರಿ ಅಡ್ಡಕ್ಕೆ ಉದ್ದ, ಎತ್ತರಕ್ಕೆ ಕಿರಿದು. ಒಂದೂವರೆ ಅಡಿಯ ತಾಳೆಗರಿಯ ಛಾಯಾಚಿತ್ರವನ್ನು ೨೭ ಅಂಗುಲದ ಪರದೆಯಲ್ಲಿ ಕುಗ್ಗಿಸದೆ ಇದ್ದಳತೆಯಲ್ಲಿಯೇ ತೋರಿಸಬಹುದು. ಒಂದರ ಕೆಳಗೊಂದರಂತೆ ನಾಲ್ಕು ಗರಿಗಳನ್ನು ಇಟ್ಟು ಪಾಠಾಂತರಗಳನ್ನು ಹೋಲಿಸಬಹುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ೧೮೯೧ರಲ್ಲಿ ಸ್ಥಾಪಿತವಾಯಿತು. ಅಲ್ಲಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿ ೧೯೦೯ರಲ್ಲಿ ಪ್ರಕಟಿಸಿದರು. ಅವರು ಕಣ್ಣಿಗೆ ಕೊಟ್ಟ ಶ್ರಮದಲ್ಲಿ ಅರ್ಧವನ್ನು ಇಂಥ ಪರದೆ ಉಳಿಸಬಲ್ಲುದು. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಸಿಕ್ಕಿ ನಶಿಸುತ್ತಿರುವ ಕಟ್ಟುಗಳನ್ನು ಛಾಯೆ ತೆಗೆದು ಓದುವ ಯುವಕರು ಹೊರಟರೆ, ದೊಡ್ಡ ಪರದೆಯ ಭವಿಷ್ಯವು ಅಲ್ಲಿಯೇ ಆರಂಭವಾಗುವುದು.

೬

ಈಗ ಕೂಡುಗಣಕದ ಗುಣದೋಷ. ಕೂಡುಕುಟುಂಬಕ್ಕೆ ಇರುವ ಸೌಕರ್ಯಗಳೆಲ್ಲವೂ ಇದಕ್ಕುಂಟು. ಒಂದೇ ತಂತಿ, ಒಂದೇ ಜಾಗ, ಮೇಜು ಚೊಕ್ಕಟ, ಪೆಟ್ಟಿಗೆಯ ಹಿಂದೆ ಇಲಿ ಗೂಡುಕಟ್ಟುವ ಭಯವಿಲ್ಲ, ವಯಸ್ಸಾದವರಿಗೆ ಯಾವ ತಂತಿ ಎಲ್ಲಿಗೆ ಎಂಬ ಗೊಂದಲವಿಲ್ಲ. ಆದರೆ ಕೂಡುಕುಟುಂಬದ ಕಷ್ಟವೂ ಇದಕ್ಕೆ ತಪ್ಪಿದುದಲ್ಲ. ಒಬ್ಬನ ಕಾಯಿಲೆ ಎಲ್ಲರ ಕಾಯಿಲೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಸಿಡಿಲು ತಂತಿಯ ಮೂಲಕ ಒಳಹೊಕ್ಕರೆ ಬಿಡಿಗಣಕದಲ್ಲಿ ಪೆಟ್ಟಿಗೆ ಹೋಗಿ ಪರದೆ ಉಳಿಯುವ ಸಂಭವವಾದರೂ ಇದೆ. ಇಲ್ಲಿ ಒಂದೇ ಒಡಲು.

ಸಿಡಿಲಿಗಿಂತ ದೊಡ್ಡ ವೈರಿ ವಯಸ್ಸು. ಪರದೆಯ ಆಯುಸ್ಸು ದೀರ್ಘ, ಮಿದುಳಿನ ಆಯುಸ್ಸು ಅಲ್ಪ. ಹತ್ತು ವರ್ಷದ ಹಿಂದಿನ ಒಳ್ಳೆಯ ಪರದೆ ಇಂದಿಗೂ ಓದಿಗೆ ಸೊಗಸು. ಹತ್ತು ವರ್ಷದ ಹಿಂದಿನ ಗಣಕಕ್ಕೆ ಹೊಸ ತಂತ್ರಾಂಶವು ಒಗ್ಗದು. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಮುಂದಿನ ಆವೃತ್ತಿಯು ಅನೇಕ ಹಳೆಯ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳದು. ಬಿಡಿಗಣಕದವನು ಪೆಟ್ಟಿಗೆಯೊಂದನ್ನು ಬದಲಿಸುವನು. ಕೂಡುಗಣಕದವನು ಆರೋಗ್ಯವಾದ ಕಣ್ಣನ್ನೂ ಮುಪ್ಪಾದ ಮಿದುಳಿನೊಡನೆ ಚಟ್ಟಕ್ಕೇರಿಸಬೇಕು. ಆಪಲ್ಲಿನ ಕೂಡುಗಣಕಗಳಲ್ಲಿ ೨೦೦೯ರಿಂದ ೨೦೧೪ರವರೆಗಿನ ಕೆಲವು ಮಾದರಿಗಳನ್ನು ಬೇರೊಂದು ಗಣಕಕ್ಕೆ ಬರಿಯ ಪರದೆಯಾಗಿ ಜೋಡಿಸಲು ಅವಕಾಶವಿದ್ದಿತು. ಆದರೆ ಎಲ್ಲಕ್ಕಿಂತ ಒಳ್ಳೆಯ ಪರದೆಯುಳ್ಳ ೫೧೨೦ ಚುಕ್ಕೆಯ ಮಾದರಿಗಳಿಗೆ ಆ ಅವಕಾಶವನ್ನು ಕೊಡಲಿಲ್ಲ. ೨೦೧೨ರಿಂದ ಪರದೆಯನ್ನು ಒಡಲಿಗೆ ಅಂಟಿನಿಂದ ಮುಚ್ಚುವ ಪದ್ಧತಿಯೂ ಬಂದು, ರಿಪೇರಿಯವನ ಕೈಗೆ ಸುಲಭವಾಗಿ ಸಿಕ್ಕದಂತಾಯಿತು. ಪಾಲಾಗಬೇಕಾದ ಕಾಲಕ್ಕೆ ಪಾಲಾಗಲು ಬಿಡದ ಕೂಡುಕುಟುಂಬವು ಎಲ್ಲರನ್ನೂ ಒಟ್ಟಿಗೆ ಮುಳುಗಿಸುವುದೆಂಬುದು ಲೋಕಾನುಭವ.

ಆದುದರಿಂದ ಭವಿಷ್ಯದ ಕೂಡುಗಣಕವನ್ನು ವರ್ಣಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ತೆಳ್ಳಗೆ?’ ಎಂಬುದಲ್ಲ, ‘ಮಿದುಳು ಸತ್ತ ಮೇಲೆ ಪರದೆ ಬದುಕೀತೆ?’ ಎಂಬುದು. ಇದು ಅಸಾಧ್ಯವಾದ ಬೇಡಿಕೆಯಲ್ಲ. ಬೇರೆ ಯಂತ್ರದ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಎಚ್‌ಡಿಎಂಐ ದ್ವಾರವುಳ್ಳ ಕೂಡುಗಣಕಗಳನ್ನು ಕೆಲವು ಸಂಸ್ಥೆಗಳು ಮಾಡಿವೆ. ಹೊರಗೆ ಕಳುಹಿಸುವ ದ್ವಾರವೂ ನೋಟಕ್ಕೆ ಹಾಗೆಯೇ ಇರುವುದರಿಂದ, ಕೊಳ್ಳುವಾಗ ಯಾವುದೆಂದು ಕೇಳಿ ತಿಳಿಯಬೇಕು. ಈಗಾಗಲೇ ಹಳೆಯದಾದ ಯಂತ್ರವುಳ್ಳವರು ಅದನ್ನು ಮೂಲೆಗೆಸೆಯುವ ಮುನ್ನ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಸಿ ನೋಡಬಹುದು. ಅದರಲ್ಲಿ ಯೂನಿಕೋಡ್ ಕನ್ನಡವು ಚೆನ್ನಾಗಿಯೇ ನಡೆಯುವುದು. ಓದುವುದಕ್ಕೂ ಬರೆಯುವುದಕ್ಕೂ ಅಷ್ಟು ಸಾಕು.

೭

ತೇಜಸ್ವಿಯವರ ಹೆಸರು ಮೇಲೆ ಬಂದಿತು. ಅವರ ‘ಕರ್ವಾಲೊ’ (೧೯೮೦) ಎಂಬ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿ ಹೋಗುವ ವಿಜ್ಞಾನಿಗೆ ದಾರಿ ತೋರಿಸುವವನು ಮಂದಣ್ಣನೆಂಬ ಹಳ್ಳಿಗ. ಜೇನಿನ ಹಿಂದೆ ಕಾಡು ಸುತ್ತುವ ಅವನಿಗೆ ಶಾಸ್ತ್ರದ ಪರಿಭಾಷೆ ತಿಳಿಯದು. ಆದರೆ ಅವನು ಕಣ್ಣಾರೆ ಕಂಡವನು. ವಿಜ್ಞಾನಿಯ ದೊಡ್ಡತನವು ಮಂದಣ್ಣನ ಕಣ್ಣಿಗೆ ಬೆಲೆ ಕೊಟ್ಟುದರಲ್ಲಿದೆ. ಪರದೆಯ ಭವಿಷ್ಯವನ್ನು ಬರೆಯುವವರಿಗೆ ನಾವು ಹೇಳಬೇಕಾದುದೂ ಅಷ್ಟೆ. ಕಾರ್ಖಾನೆಯ ಬಾಗಿಲಲ್ಲಿ ಕಿವಿಯಿಟ್ಟು ಕೇಳಿದುದು ಸಾಕು. ಒಮ್ಮೆ ಓದುವವನ ಬಳಿ ಬಂದು ಕುಳಿತುಕೊಳ್ಳಲಿ. ಒತ್ತಕ್ಷರವನ್ನು ಗುರುತಿಸಲಾಗದೆ ಕಣ್ಣು ಕಿರಿದು ಮಾಡುವ ಅಜ್ಜಿ, ಎರಡು ಪುಟಗಳನ್ನು ಹೋಲಿಸಲಾರದೆ ಪರದೆಯನ್ನು ಮೇಲೆ ಕೆಳಗೆ ಜಾರಿಸುವ ವಿದ್ಯಾರ್ಥಿ, ಸಿಡಿಲು ಮಿಂಚಿದೊಡನೆ ಪ್ಲಗ್ಗು ಕೀಳಲು ಓಡುವ ಗೃಹಿಣಿ, ಇವರು ಈ ವಿಷಯದ ಮಂದಣ್ಣರು. ಇವರನ್ನು ಕೇಳಿ ಬರೆದ ಲೇಖನವು ಭವಿಷ್ಯವನ್ನು ಹೇಳದಿದ್ದರೂ ಚಿಂತೆಯಿಲ್ಲ. ಭವಿಷ್ಯದಲ್ಲಿ ಏನು ಬೇಕೆಂಬುದನ್ನು ಹೇಳುವುದು.

ಇನ್ನು ನಮ್ಮ ವಾಚಕರ ಕರ್ತವ್ಯ. ಮುಂದೆ ೩೨ ಅಂಗುಲದ ಕೂಡುಗಣಕ ಬಂದರೂ ಬರಲಿ, ಬಾರದಿದ್ದರೂ ಸರಿಯೆ. ಅಂಗಡಿಯಲ್ಲಿ ಮೂರೇ ಪ್ರಶ್ನೆಗಳನ್ನು ಕೇಳುವುದು ಸಾಕು. ಅಂಗುಲಕ್ಕೆ ಎಷ್ಟು ಚುಕ್ಕೆ? ಮಿದುಳು ಹೋದ ಮೇಲೆ ಪರದೆಯನ್ನು ಬಳಸಲು ಬರುವುದೆ? ‘ಜ್ಯೋತ್ಸ್ನೆ’ ಎಂದು ಬೆರಳಚ್ಚಿಸಿ ತೋರಿಸುವಿರಾ? ಈ ಮೂರಕ್ಕೆ ಉತ್ತರ ಸರಿಯಾಗಿ ಬಂದರೆ ಕೊಳ್ಳಬಹುದು. ಬಾರದಿದ್ದರೆ ಇದ್ದ ಯಂತ್ರದಲ್ಲಿಯೇ ಹಳೆಯ ಕಡತಗಳನ್ನು ಪರಿವರ್ತಿಸುವ, ಅಟ್ಟದ ಓಲೆಗಳನ್ನು ಕೆಳಗಿಳಿಸುವ ಕೆಲಸವನ್ನು ಈ ಮಳೆಗಾಲಕ್ಕೆ ಮುಂಚೆ ತೊಡಗಬಹುದು. ಇಷ್ಟನ್ನು ವಾಚಕರ ಪರಾಮರ್ಶೆಗೆ ಒಪ್ಪಿಸಿದ್ದೇವೆ.